ಹನ್ನೆರಡನೇ ಸೌಟು

ಆಪರೇಷನ್ ಥಿಯೇಟರ್ ಟೆಕ್ನಿಷಿಯನ್ ಅಂತ ಒಂದು ಕೆಲಸ ಇದೆ ಎಂದು ಎಲ್ಲರಿಗೂ ಗೊತ್ತಾಗುವವರೆಗೆ ನನಗೆ ಇಂಥವು ಆಗುತ್ತಲೇ ಇರುತ್ತವೆ. ಜಯನಗರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಹದಿನಾಲ್ಕು ವರ್ಷದಿಂದ ಡಾಕ್ಟರ ಕೈಗೆ ಕತ್ತರಿ, ಚಿಮಟ ಕೊಡುವುದು, ಕೊಟ್ಟಿದ್ದೆಲ್ಲ ವಾಪಸ್ ಬಂತಾ ಎಂದು ಎಣಿಸುವುದು ನನ್ನ ಕೆಲಸ. ಲೆಕ್ಕ ಸರಿಹೋಗದೆ ಪೇಷೆಂಟಿನ ಹೊಟ್ಟೆ ಮುಚ್ಚುವ ಹಾಗಿಲ್ಲ.

ಯಾವ ಥಿಯೇಟರ್?

ಹೆಣ್ಣು ನೋಡಲು ಬನಶಂಕರಿಯ ನಮ್ಮ ಮನೆಗೆ ಬಂದ ದಿನ, ಈಗ ನನ್ನ ಅತ್ತೆಯಾಗಿರುವವರು ಉಪ್ಪಿಟ್ಟು ಮುಟ್ಟುವ ಮೊದಲೇ ಕೇಳಿದರು, "ಏನಮ್ಮ ಕೆಲಸ?"

"ಥಿಯೇಟರಲ್ಲಿ."

ಅವರು ಮಗನ ಮುಖ ನೋಡಿದರು. "ಟಿಕೆಟ್ ಹರಿಯೋದಾ?"

ನಮ್ಮಪ್ಪ ಮಧ್ಯೆ ಬಾಯಿ ಹಾಕಿ, ಆಸ್ಪತ್ರೆಯ ಥಿಯೇಟರ್ ಎಂದು ಬಿಡಿಸಿ ಹೇಳಿದರು.

"ಓ, ಡಾಕ್ಟರಾ?"

"ಅಲ್ಲ."

"ನರ್ಸಾ?"

"ಅಲ್ಲ. ಆಪರೇಷನ್ ಮಾಡುವಾಗ ಡಾಕ್ಟರ ಪಕ್ಕ ನಿಂತಿರ್ತೀನಿ."

ಅವರು ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡರು. "ನಿಂತ್ಕೊಳ್ಳೋದಕ್ಕೂ ಸಂಬಳ ಕೊಡ್ತಾರಾ ಈಗ?"

ಬಡ್ತಿ

ನಮ್ಮ ಸರ್ಜನ್ ಸಾಹೇಬರು ಬಾಯಿ ಬಿಟ್ಟು ಕೇಳುವವರಲ್ಲ. ಕಣ್ಣೆತ್ತದೆ ಬಲಗೈ ಚಾಚುತ್ತಾರೆ. ಬೇಕಾದದ್ದು ಅಂಗೈಗೆ ಬಂದು ಬೀಳಬೇಕು. ಒಂದು ದಿನ ಕೆಲಸ ಮುಗಿಸಿ ಎಲ್ಲರೂ ಫೋರ್ತ್ ಬ್ಲಾಕಿನ ದರ್ಶಿನಿಗೆ ಹೋದೆವು. ಸಾಹೇಬರು ಇಡ್ಲಿಯ ಮೇಲೇ ಕಣ್ಣಿಟ್ಟು ಕೈ ಚಾಚಿದರು. ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಅಂಕಲ್ ಒಬ್ಬರು ಲೋಟ ಕೆಳಗಿಟ್ಟು ಕೈ ಕುಲುಕಿದರು. "ಸಾರಿ ಸಾರ್, ಗುರುತು ಸಿಗ್ಲಿಲ್ಲ. ಚಿಕ್ಕಲಸಂದ್ರದವರಲ್ವಾ?"

ಚಮಚ ನಾನು ಕೊಟ್ಟೆ. ಹೊಸದಾಗಿ ಸೇರಿದ್ದ ಸಹೋದ್ಯೋಗಿ ಮೆಲ್ಲಗೆ ಕೇಳಿದಳು, "ಅಕ್ಕ, ನಮ್ಮ ಕೆಲಸದಲ್ಲಿ ಪ್ರಮೋಷನ್ ಹೇಗೆ?"

"ಮೊದಲ ಐದು ವರ್ಷ 'ಏಯ್, ಕೊಡು'. ಆಮೇಲೆ 'ಕೊಡಮ್ಮ'. ಹತ್ತು ವರ್ಷ ದಾಟಿದ ಮೇಲೆ ಮಾತೇ ಇಲ್ಲ, ಬರೀ ಕೈ."

ಒಂದು ಕಮ್ಮಿ

ಎಣಿಸುವ ಚಾಳಿ ಮನೆಗೂ ಬಂತು. ಆರು ವರ್ಷದ ಹಿಂದೆ ತಲಘಟ್ಟಪುರದಲ್ಲಿ ನಾದಿನಿಯ ಗೃಹಪ್ರವೇಶ. ಬಾಡಿಗೆಗೆ ತಂದ ಪಾತ್ರೆಗಳನ್ನು ಬೆಳಗ್ಗೆ ನಾನೇ ಎಣಿಸಿ ಇಳಿಸಿಕೊಂಡಿದ್ದೆ. ಸೌಟು ಹನ್ನೆರಡು. ಊಟವಾದ ಮೇಲೆ ನೋಡಿದರೆ ಹನ್ನೊಂದು. ಬಾಯಿಗೆ ಅಭ್ಯಾಸವಾಗಿದ್ದ ಮಾತು ಬಂದೇಬಿಟ್ಟಿತು: "ಒಂದು ಕಮ್ಮಿ ಇದೆ. ಸಿಗೋವರೆಗೂ ಯಾರೂ ಹೊರಗೆ ಹೋಗೋ ಹಾಗಿಲ್ಲ."

ತಾಂಬೂಲ ಹಿಡಿದು ಚಪ್ಪಲಿ ಹುಡುಕುತ್ತಿದ್ದ ನೆಂಟರೆಲ್ಲ ನಿಂತಲ್ಲೇ ನಿಂತರು. ನಾದಿನಿಯ ಮಾವ ಜುಬ್ಬದ ಜೇಬನ್ನು ಹೊರಗೆಳೆದು ತೋರಿಸಿದರು. ಸೌಟು ಸಿಗಲಿಲ್ಲ. ಎಲ್ಲರಿಗಿಂತ ಜೋರಾಗಿ ಬೈದವರು ನಮ್ಮ ಅತ್ತೆ. "ಬಂದಿದ್ದೇ ಹನ್ನೊಂದು. ನಿನಗೆ ಎಣಿಸೋಕೆ ಬರದೆ ನೆಂಟರನ್ನ ಕಳ್ಳರು ಮಾಡಿಬಿಟ್ಯಲ್ಲೇ."

ಅಂದಿನಿಂದ ಯಾವ ಮದುವೆ ಮುಂಜಿಗೆ ಹೋದರೂ ಯಾರಾದರೊಬ್ಬರು ಚಮಚ ಎತ್ತಿ ತೋರಿಸಿ, "ಇಲ್ಲೇ ಇದೆ ಕಣಮ್ಮ" ಎನ್ನುತ್ತಾರೆ. ನಾನೂ ನಗುತ್ತೇನೆ. ಆದರೆ ಎಣಿಸುವುದೇ ಕಸುಬಾದವಳಿಗೆ ಆ ಮಾತು ಚುಚ್ಚುತ್ತದೆ. ಹನ್ನೆರಡೇ ಇತ್ತು.

ಪರದೆಯ ಆಚೆ

ಹೋದ ತಿಂಗಳು ಅತ್ತೆಗೇ ಹರ್ನಿಯಾ ಆಪರೇಷನ್, ನಮ್ಮ ನರ್ಸಿಂಗ್ ಹೋಮಿನಲ್ಲೇ. ಸೊಂಟದ ಕೆಳಗಷ್ಟೇ ಮರಗಟ್ಟುವಂತೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಅವರಿಗೆ ಎಚ್ಚರವಿತ್ತು. ಎದೆಯ ಮೇಲೆ ಹಸಿರು ಪರದೆ. ಆಚೆ ಅವರ ಮುಖ, ಈಚೆ ನಾವು. ಕೆಲಸ ಮುಗಿಯಿತು, ಸಾಹೇಬರು ಹೊಲಿಗೆಗೆ ಕೈ ಚಾಚಿದರು. ನಾನು ರಕ್ತ ಒರೆಸುವ ಬಟ್ಟೆಗಳನ್ನು ಎಣಿಸಿದೆ. ಹತ್ತು ಇರಬೇಕಿತ್ತು, ಒಂಬತ್ತಿತ್ತು.

"ಸಾರ್, ಒಂದು ಕಮ್ಮಿ ಇದೆ. ಮುಚ್ಚೋ ಹಾಗಿಲ್ಲ."

"ಸರಿಯಾಗಿ ಎಣಿಸಮ್ಮ. ಒಳಗೇನೂ ಇಲ್ಲ."

"ಎರಡು ಸಲ ಎಣಿಸಿದೆ ಸಾರ್."

ಅವರ ಕೈ ಹಾಗೇ ಚಾಚಿಕೊಂಡಿತ್ತು. ನಾನು ಸೂಜಿ ಕೊಡಲಿಲ್ಲ. ಆಗ ಪರದೆಯ ಆಚೆಯಿಂದ ಅತ್ತೆಯ ದನಿ ಬಂತು.

"ಡಾಕ್ಟ್ರೇ, ಅವಳು ಕಮ್ಮಿ ಅಂದ್ರೆ ಕಮ್ಮೀನೇ. ಹುಡುಕಿ."

ಹುಡುಕಿದೆವು. ಬಟ್ಟೆ ಸಾಹೇಬರ ಚಪ್ಪಲಿಯ ಅಡಿಗೇ ಅಂಟಿಕೊಂಡಿತ್ತು. ಹತ್ತಾಯಿತು, ಸೂಜಿ ಕೊಟ್ಟೆ. ಹೊಲಿಗೆ ಮುಗಿದ ಮೇಲೆ ಪರದೆಯ ಆಚೆಗೆ ಬಗ್ಗಿ ಕೇಳಿದೆ.

"ಅತ್ತೆ, ನನ್ನ ಎಣಿಕೆ ಮೇಲೆ ನಿಮಗೆ ಯಾವಾಗಿಂದ ನಂಬಿಕೆ ಬಂತು?"

"ಗೃಹಪ್ರವೇಶದ ದಿನದಿಂದ," ಎಂದರು ಅತ್ತೆ. "ಉಳಿದ ಪುಳಿಯೋಗರೆ ಡಬ್ಬಿಗೆ ತುಂಬಿಕೊಂಡು, ಸೌಟು ಒಳಗೇ ಬಿಟ್ಟು ಮುಚ್ಚಿಬಿಟ್ಟಿದ್ದೆ ಕಣೇ. ಮನೆಗೆ ಬಂದ ಮೇಲೇ ಗೊತ್ತಾಗಿದ್ದು."