ದೇವರಿಗೆ ಸಲ್ಲದ ಗಿಡಗಳು

ಇನ್ನು ಮುಂದೆ ತಮ್ಮ ಮನೆ ಮುಂದಿನ ಒಂದೇ ಒಂದು ಹೂವನ್ನೂ ಬ್ರಹ್ಮ ಬಂದರೂ ಕೀಳಲು ಬಿಡುವುದಿಲ್ಲ ಎಂದು ಜಯರಾಮಯ್ಯನವರು ಶಪಥ ಮಾಡಿದರು. ಶಪಥ ಮಾಡಿದ್ದು ಬಚ್ಚಲಮನೆಯ ಬಾಗಿಲಲ್ಲಿ, ಬಾಯಿ ತುಂಬ ಹಲ್ಲುಪುಡಿ ಇಟ್ಟುಕೊಂಡು. ಹಾಗಾಗಿ ಅವರ ಹೆಂಡತಿ ಪದ್ಮನಿಗೆ ಅದರ ಗಾಂಭೀರ್ಯ ಅಷ್ಟಾಗಿ ತಿಳಿಯಲಿಲ್ಲ.

"ಏನಂದ್ರಿ?"

"ಬ್ರಹ್ಮ ಬಂದರೂ!"

"ಬ್ರಹ್ಮ ಯಾಕೆ ಬರ್ತಾನೆ? ಪುಟ್ಟಲಕ್ಷ್ಮಮ್ಮ ಆಗಲೇ ಬಂದು ಕಿತ್ಕೊಂಡು ಹೋದ್ರಲ್ಲ."

ಜಯರಾಮಯ್ಯನವರು ಕೃಷ್ಣರಾಜಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ಕಟ್ಟಿಸಿ ಮೂರು ವರ್ಷವಾಗಿತ್ತು. ಅಂಗಳದಲ್ಲಿ ದಾಸವಾಳ, ನಂದಿಬಟ್ಟಲು, ಕಣಗಿಲೆ ಎಲ್ಲ ಸೊಂಪಾಗಿ ಬೆಳೆದಿದ್ದವು. ಆದರೆ ಅರಳಿದ ಹೂವನ್ನು ಗಿಡದ ಮೇಲೆ ನೋಡುವ ಯೋಗ ಮಾತ್ರ ಅವರ ಹಣೆಯಲ್ಲಿ ಬರೆದಿರಲಿಲ್ಲ! ದೇವರ ಹೂವಿಗೆ ಯಾರೂ ಯಾರನ್ನೂ ಕೇಳುವ ಪದ್ಧತಿ ಆ ಬೀದಿಯಲ್ಲಿ ಇರಲಿಲ್ಲ. ಕತ್ತಲು ಹರಿಯುವ ಮುಂಚೆಯೇ ಎದುರುಮನೆಯ ಪುಟ್ಟಲಕ್ಷ್ಮಮ್ಮನ ಕೊಕ್ಕೆಯ ದೋಟಿ ಕಾಂಪೌಂಡಿನ ಮೇಲೆ ಬಗ್ಗುತ್ತಿತ್ತು. ಒಂದು ದಿನ ಮೇಷ್ಟ್ರು ಅಲಾರಂ ಇಟ್ಟುಕೊಂಡು ಎದ್ದು, ಆಕೆಯನ್ನು ದೋಟಿಯ ಸಮೇತ ಹಿಡಿದರು.

"ಏನಮ್ಮಾ ಇದು, ನಮ್ಮ ಗಿಡದಲ್ಲಿ ನಮಗೆ ಅಂತ ಒಂದಾದರೂ ಬಿಡಬಾರದೇ?"

"ಅಯ್ಯ, ನಾನೇನ್ ಮುಡ್ಕತೀನಾ ಮೇಷ್ಟ್ರೇ? ದ್ಯಾವ್ರಿಗೆ ಕಣಪ್ಪ! ನಿಮ್ಮೆಸ್ರೂ ಏಳೇ ಮಡಗ್ತೀನಿ. ಪುಣ್ಯ ಎಲ್ಲಾ ನಿಮ್ಗೇಯ!"

ಹೀಗೆ ಪುಣ್ಯ ಬಂದು ಬಂದು ಮನೆಯಲ್ಲಿ ಇಡಲು ಜಾಗವಿಲ್ಲದಂತಾಯಿತು. ಅಂಗಳದಲ್ಲಿ ಬರೀ ಎಲೆ.

ಇಷ್ಟೇ ಆಗಿದ್ದರೆ ಮೇಷ್ಟ್ರು ಹಣೆಬರಹ ಎಂದುಕೊಂಡು ಸುಮ್ಮನಿರುತ್ತಿದ್ದರೇನೋ. ಆದರೆ ಊರಿನ ಯುವಕ ಸಂಘದವರು, ಬರುವ ವರ್ಷದ ವನಮಹೋತ್ಸವಕ್ಕೆ ಕೈತೋಟದ ಸ್ಪರ್ಧೆ ಇಡುತ್ತೇವೆಂದು ಸಾರಿಬಿಟ್ಟರು. "ಮೊದಲನೇ ಬಹುಮಾನ ನನ್ನದು, ಬರೆದಿಟ್ಟುಕೊಳ್ಳಿ!" ಎಂದು ಮೇಷ್ಟ್ರು ಟೀಚರುಗಳ ಕೋಣೆಯಲ್ಲಿ ಮೇಜು ಗುದ್ದಿ ಹೇಳಿದರು. ಡ್ರಾಯಿಂಗ್ ಮೇಷ್ಟ್ರು ನಿಜವಾಗಿಯೂ ಬರೆದಿಟ್ಟುಕೊಂಡರು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಜಯರಾಮಯ್ಯನವರು ವಿಜ್ಞಾನಿಯಂತೆಯೇ ಯೋಚಿಸಿದರು. ದೇವರಿಗೆ ಸಲ್ಲುವ ಹೂವಿದ್ದರೆ ತಾನೆ ಪುಟ್ಟಲಕ್ಷ್ಮಮ್ಮ ಬರುವುದು? ದೇವರಿಗೆ ಸಲ್ಲದ ಗಿಡಗಳನ್ನೇ ಹುಡುಕಿ ಹಾಕಿದರೆ? ಆಹಾ! ನೇರವಾಗಿ ದೇವಸ್ಥಾನಕ್ಕೆ ಹೋಗಿ, ಯಾವ ಯಾವ ಹೂವು ಪೂಜೆಗೆ ಆಗುವುದಿಲ್ಲ ಎಂದು ಅರ್ಚಕರನ್ನೇ ಕೇಳಿದರು. ಅರ್ಚಕರು ಇವರನ್ನು ಮೇಲಿನಿಂದ ಕೆಳಗೆ ನೋಡಿ, ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ವಿಚಾರಿಸಿದರು.

ಮುಂದಿನ ಭಾನುವಾರ ಮೇಷ್ಟ್ರು ಮೈಸೂರಿಗೆ ಹೋಗಿ, ನರ್ಸರಿಯವನ ತಲೆ ತಿಂದು, ಎರಡು ಕಾಗದದ ಹೂವಿನ ಗಿಡ, ಗೋಪುರದಂತೆ ಬೆಳೆಯುವ ನಾಲ್ಕು ಥೂಜಾ, ಒಂದು ಕ್ರಿಸ್‌ಮಸ್ ಮರ ಆರಿಸಿದರು. ಕ್ರಿಸ್‌ಮಸ್ ಮರವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸು ಹತ್ತಿದರು. ಪಕ್ಕದಲ್ಲಿ ಸಂತೆಬಾಚಹಳ್ಳಿಯ ರೈತ ಮಂಚಯ್ಯ ಕೂತಿದ್ದ.

"ಇದೇನ್ ಗಿಡ ಸಾಮಿ? ಅಣ್ ಬುಡ್ತದಾ?"

"ಇಲ್ಲ."

"ಊವು?"

"ಅದೂ ಇಲ್ಲ."

"ಓಗ್ಲಿ, ದನ ತಿಂತವಾ?"

"ಮುಟ್ಟೋದಿಲ್ಲ. ಬರೀ ನೋಡೋದಕ್ಕೆ!" ಎಂದರು ಮೇಷ್ಟ್ರು ಎದೆಯುಬ್ಬಿಸಿ.

ಮಂಚಯ್ಯ ಪಾಂಡವಪುರ ದಾಟುವವರೆಗೂ ಆ ಗಿಡವನ್ನೇ ನೋಡುತ್ತಿದ್ದ. ಆಮೇಲೆ ಬಹಳ ಮೆತ್ತಗೆ, "ಮಕ್ಳು ಎಷ್ಟ್ ಜನ ಸಾಮಿ?" ಎಂದು ಕೇಳಿದ.

ಒಂದು ವರ್ಷ! ಮೇಷ್ಟ್ರು ಹಳೆಯ ಹೂಗಿಡಗಳನ್ನೆಲ್ಲ ಕಿತ್ತುಹಾಕಿದರು, ಕೆರೆಗೋಡು ಮಣ್ಣು ಹೊತ್ತರು, ಗೊಬ್ಬರ ಕಲಸಿದರು, ಪದ್ಮನ ಹೊಲಿಗೆಯ ಕತ್ತರಿಯಿಂದ ಥೂಜಾದ ತಲೆಗೂದಲು ಸವರಿದರು. ಮಳೆ ಹೋದ ತಿಂಗಳುಗಳಲ್ಲಿ ತಮ್ಮ ಸ್ನಾನದ ನೀರಿನಲ್ಲೇ ಅರ್ಧವನ್ನು ಗಿಡಗಳಿಗೆ ಬಿಟ್ಟುಕೊಟ್ಟರು. ಕಾಗದದ ಹೂವು ಕಾಂಪೌಂಡಿನ ತುಂಬ ಕೆಂಪಗೆ ಹರಡಿತು. ಪುಟ್ಟಲಕ್ಷ್ಮಮ್ಮ ದೋಟಿ ಹಿಡಿದು ಬಂದು, ಒಂದನ್ನು ಮೂಸಿ ನೋಡಿ, "ಥೂ, ವಾಸ್ನೇನೇ ಇಲ್ಲ! ಇದ್ನ ಇಟ್ರೆ ದ್ಯಾವ್ರು ನಂಗೇ ಬಯ್ತಾನೆ" ಎಂದು ಪಕ್ಕದ ಬೀದಿಗೆ ಹೊರಟುಹೋದರು. ಅಂದು ಬೆಳಿಗ್ಗೆ ಮೇಷ್ಟ್ರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಅರಳಿದ ಹೂವನ್ನು ಗಿಡದ ಮೇಲೆಯೇ ನೋಡುತ್ತಾ ಎರಡು ಲೋಟ ಕಾಫಿ ಕುಡಿದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ಪದ್ಮ ನೋಡಿಯೂ ನೋಡದಂತೆ ಒಳಗೆ ಹೋದಳು.

ವನಮಹೋತ್ಸವ ಬಂತು. ಗಿಡಗಳನ್ನು ನೋಡಿ ಅಂಕ ಕೊಡಲು ಮೈಸೂರಿನಿಂದ ನಂಜುಂಡಯ್ಯ ಎಂಬ ತೋಟಗಾರಿಕೆ ಇಲಾಖೆಯ ನಿವೃತ್ತ ಅಧಿಕಾರಿಗಳು ಬರುವವರಿದ್ದರು. ಅವರ ಸ್ವಾಗತದ ಹೊಣೆ ಜಯರಾಮಯ್ಯನವರದು. ಹಿಂದಿನ ದಿನ ಅವರು ಸ್ಕೂಲಿನ ಜವಾನ ಬೋರಯ್ಯನನ್ನು ಕರೆದು ಅಪ್ಪಣೆ ಕೊಟ್ಟರು.

"ಸ್ಕೂಲಿನ ಗೇಟಿಗೆ ಕಮಾನು ಭರ್ಜರಿಯಾಗಿರಬೇಕು ಬೋರಯ್ಯ! ಅದೇ ಮಾವಿನ ಸೊಪ್ಪು, ಅದೇ ಬಾಳೆಕಂದು ಬೇಡ. ಈ ಊರು ಕಂಡಿರದಂಥ ಸೊಪ್ಪು ಆಗಬೇಕು."

"ಎಲ್ಲಿಂದ ತರ್ಲಿ ಸಾ?"

"ಎಲ್ಲಿಂದಾದರೂ ತಾ! ಅದನ್ನೂ ನಾನೇ ಹೇಳಬೇಕೇನಯ್ಯ?"

ಬೆಳಿಗ್ಗೆ ಬಸ್ಸು ಒಂದೂವರೆ ಗಂಟೆ ತಡವಾಯಿತು. ಮೇಷ್ಟ್ರು ಬಸ್‌ಸ್ಟ್ಯಾಂಡಿನಲ್ಲಿ ಕಾದು, ಅಧಿಕಾರಿಗಳನ್ನು ಇಳಿಸಿಕೊಂಡು, ಸ್ಕೂಲಿನ ಗೇಟಿಗೆ ಕರೆತಂದರು. ಕಮಾನು ನೋಡಿ ನಂಜುಂಡಯ್ಯನವರು ನಿಂತಲ್ಲೇ ನಿಂತರು. ಮೇಷ್ಟ್ರೂ ನಿಂತರು.

ಎಡಕ್ಕೆ ಎರಡು ಥೂಜಾ. ಬಲಕ್ಕೆ ಎರಡು ಥೂಜಾ. ಮೇಲೆ ಉದ್ದಕ್ಕೂ ಕೆಂಪು ಕಾಗದದ ಹೂವು. ನಟ್ಟನಡುವೆ, ನೆತ್ತಿಯ ಮೇಲೆ, ಕ್ರಿಸ್‌ಮಸ್ ಮರ! ಒಂದೊಂದು ರೆಂಬೆಯೂ ಮೇಷ್ಟ್ರಿಗೆ ಮುಖಪರಿಚಯದ್ದು.

"ಯಾರ ಕೈಚಳಕ ಇದು? ಅದ್ಭುತ!" ಎಂದರು ನಂಜುಂಡಯ್ಯ.

ಬೋರಯ್ಯ ಕೈಮುಗಿದು ಮುಂದೆ ಬಂದ. ಮೇಷ್ಟ್ರು ಅವನನ್ನು ಪಕ್ಕಕ್ಕೆ ಎಳೆದರು.

"ಲೇ ಬೋರಯ್ಯ! ಏನು ಮಾಡಿದೆಯೋ!"

"ನೀವೇ ಏಳಿದ್ರಲ್ಲ ಸಾ, ಊರು ಕಂಡಿರ್ಬಾರ್ದು ಅಂತ. ಅಂತಾದ್ದು ನಿಮ್ಮನೆ ಬುಟ್ರೆ ಇನ್ನೆಲ್ಲದೆ? ದ್ಯಾವ್ರಿಗೂ ಆಗಕಿಲ್ಲ, ಕಾಯೂ ಬುಡಕಿಲ್ಲ. ಸುಮ್ಕೆ ನಿಂತಿದ್ವು ಪಾಪ. ಒಂದು ಒಳ್ಳೆ ಕಾರ್ಯಕ್ಕಾದ್ರೂ ಆಗ್ಲಿ ಅಂತ. ಅಮ್ಮೋರೇ ಕುಡ್ಲು ಕೊಟ್ರು!"

ಮೇಷ್ಟ್ರು ಮನೆಗೆ ಓಡಿದರು. ಅಂಗಳದಲ್ಲಿ ಐದು ಮೋಟು, ಎರಡು ಬೋಳು ಬುಡ.

"ಕುಡುಗೋಲು ಕೊಟ್ಟೆಯೇನೇ? ನೀನೇ ಕೊಟ್ಟೆಯಾ?"

"ಮೇಷ್ಟ್ರೇ ಹೇಳವ್ರೆ ಅಂದ. ನೀವು ಹೇಳಿದ್ದಕ್ಕೆ ನಾನು ಯಾವತ್ತು ಇಲ್ಲ ಅಂದಿದೀನಿ?" ಎಂದಳು ಪದ್ಮ. ಗಂಡನ ಮುಖ ನೋಡಿ ಅವಳ ದನಿ ಸಣ್ಣಗಾಯಿತು. "ಹೋಗ್ಲಿ ಬಿಡಿ. ನೋಡೋದಕ್ಕೆ ತಾನೆ ಬೆಳೆಸಿದ್ದು? ಊರೆಲ್ಲಾ ನೋಡ್ತಾ ಇದೆಯಲ್ಲ."

ಇನ್ನೊಂದು ಮನೆಯ ತೋಟ ನೋಡಿ ಮುಗಿಸಿಕೊಂಡು ನಂಜುಂಡಯ್ಯನವರ ಸವಾರಿ ಬಂದೇಬಿಟ್ಟಿತು. ಅವರು ಮೋಟುಗಳನ್ನು ನೋಡಿದರು, ಕೈಲಿದ್ದ ಹಾಳೆ ನೋಡಿದರು, ಮತ್ತೆ ಮೋಟುಗಳನ್ನು ನೋಡಿದರು.

"ಸಾರ್, ಬೆಳಿಗ್ಗೆ ಎಂಟು ಗಂಟೆಯವರೆಗೂ ಇಲ್ಲಿ..." ಎಂದು ಮೇಷ್ಟ್ರು ತೊದಲಿದರು.

"ಎಲ್ಲರೂ ಹಾಗೇ ಹೇಳ್ತಾರೆ ಮೇಷ್ಟ್ರೇ. ಹಿಂದಿನ ಮನೆಯವರೂ ನಿನ್ನೆ ಬಂದಿದ್ರೆ ಗುಲಾಬಿ ಅರಳಿತ್ತು ಅಂದ್ರು" ಎಂದು ನಂಜುಂಡಯ್ಯನವರು ಹಾಳೆಯ ಮೇಲೆ ಒಂದು ದುಂಡನೆಯ ಅಂಕ ಬರೆದರು.

ಸಾಯಂಕಾಲ ಸಭೆಯಲ್ಲಿ ಡ್ರಾಯಿಂಗ್ ಮೇಷ್ಟ್ರ ಚೆಂಡುಹೂವಿಗೆ ಮೊದಲನೇ ಬಹುಮಾನ ಬಂತು. ಕಮಾನು ಕಟ್ಟಿದ ಬೋರಯ್ಯನಿಗೆ ವಿಶೇಷ ಬಹುಮಾನ, ಶಾಲು, ಚಪ್ಪಾಳೆ. ಮೂಲೆಯ ಬೆಂಚಿನಲ್ಲಿ ಕುಸಿದು ಕೂತಿದ್ದ ಜಯರಾಮಯ್ಯನವರನ್ನು ಕಂಡು ನಂಜುಂಡಯ್ಯನವರಿಗೆ ಕನಿಕರ ಉಕ್ಕಿತು. ಬೋರಯ್ಯನನ್ನು ಜೊತೆಗೆ ಕರೆದುಕೊಂಡೇ ವೇದಿಕೆಯಿಂದ ಇಳಿದು ಬಂದು, ಇವರ ಹೆಗಲ ಮೇಲೆ ಕೈಯಿಟ್ಟರು.

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಪಾತಿ, ಗೊಬ್ಬರ ಎಲ್ಲಾ ಚೆನ್ನಾಗಿದೆ. ಗಿಡ ಆರಿಸೋದು ಒಂದು ನಿಮಗೆ ಗೊತ್ತಾಗ್ತಾ ಇಲ್ಲ. ಈ ಬೋರಯ್ಯನ್ನ ಕೇಳಿ, ಹೇಳಿಕೊಡ್ತಾನೆ."

ಬೋರಯ್ಯ ಹೊಸ ಶಾಲು ಸರಿಮಾಡಿಕೊಂಡು ಹೇಳಿದ: "ಅದ್ಕೇನಂತೆ ಸಾ, ಏಳ್ಕೊಡ್ತೀನಿ. ಮುಂದ್ಲೊರ್ಸದ ಕಮಾನಿನ ಒತ್ಗೆ ಮೇಷ್ಟ್ರ ಮನೆ ಗಿಡ್ಗೋಳೂ ಚಿಗುರ್ಕಂಡಿರ್ತವೆ ಬುಡಿ!"