ಹೋಳಿಗೆ ತಿಂದ ಮಾದರಿ ಪಾಠ

“ನಾಳೆ ಮನಿಯಿಂದ ಒಂದೊಂದು ವಸ್ತು ತರ್ರಿ, ಅದರ ಹೆಸರು ನಿಮ್ಮ ಮನಿ ಮಾತಿನ್ಯಾಗ ಹೇಳ್ರಿ.” ಗುಳೇದಗುಡ್ಡದ ಬಸವಂತ ಮಾಸ್ತರರು ಮಕ್ಕಳಿಗೆ ಹೇಳಿದ್ದು ಇಷ್ಟೇ. ಇಷ್ಟಕ್ಕೇ ಅನಾಹುತವಾಯಿತು ನೋಡಿ!

ಮರುದಿನ ಅವರ ಮಾದರಿ ಪಾಠ. ಕನ್ನಡ, ಉರ್ದು, ಲಂಬಾಣಿ ಆಡುವ ಮಕ್ಕಳಿಗೆ ಒಟ್ಟಿಗೇ ಕಲಿಸುವ ತರಬೇತಿಯ ಕೊನೆಯ ಪರೀಕ್ಷೆ. ಪಾಸಾದರೆ ಜಿಲ್ಲಾ ಪಟ್ಟಣದ ವಿದ್ಯಾಗಿರಿಯ ತರಬೇತಿ ಕೇಂದ್ರದಲ್ಲಿ ಕುರ್ಚಿ, ಅಲ್ಲೇ ನೌಕರಿಯಲ್ಲಿರುವ ಹೆಂಡತಿ ನೇತ್ರಾಳ ಜೊತೆ ಸಂಸಾರ, ವಾರವಾರದ ಬಸ್ಸಿನ ನೂಕಾಟಕ್ಕೆ ಶರಣು ಶರಣಾರ್ಥಿ!

ಮಕ್ಕಳೇನೋ ಮಗ್ಗದ ಲಾಳಿ, ಕುಪ್ಪಸದ ಖಣದ ತುಂಡು ಹಿಡಿದು ಹೊರಟಿದ್ದರು. ತಾಯಂದಿರು ಬಿಡಬೇಕಲ್ಲ! ಮಾಸ್ತರರಿಗೆ ಇಂಥದ್ದು ಕಳಿಸುವುದೇ? ಬೆಳಗ್ಗೆಯೇ ಡಬ್ಬಿಗಳ ದಂಡು ಶಾಲೆಗೆ ನುಗ್ಗಿತು.

“ಹೋಳಗಿ ಬಿಸಿ ಐತ್ರಿ, ತುಪ್ಪ ಹಾಕ್ಕೊಂಡು ಉಣ್ರಿ,” ಎಂದರು ನೇಕಾರರ ರತ್ನಾಬಾಯಿ.

ಮಾಸ್ತರರು ತಿಂದರು.

“ರತ್ನಕ್ಕನ ಹೋಳಗಿ ಇಳೀತೈತಿ, ನನ್ನ ಶೀರಖುರ್ಮಾ ಇಳಿಯೂದಿಲ್ಲೇನ್ರಿ ಸರ?” ರೋಷನಬಿ ಹಾಲು-ಶಾವಿಗೆಯ ಬಟ್ಟಲು ಚಾಚಿದರು.

ಒಬ್ಬರದು ಉಂಡು ಇನ್ನೊಬ್ಬರದು ಒಲ್ಲೆನೆಂದರೆ ಓಣಿಯೇ ಮುನಿಯುತ್ತದೆ. ಕುಡಿದರು. ಲಂಬಾಣಿ ತಾಂಡಾದ ನೀಲಾಬಾಯಿಯ ಗೋಧಿನುಚ್ಚು-ಬೆಲ್ಲದ ಲಾಪಸಿಯೂ ಒಳಗೆ ಹೋಯಿತು. “ಇನ್ನೊಂದ ತುತ್ತರಿ, ನನ್ನಾಣಿ!” ಎಂದು ಎಲ್ಲರೂ ಬಡಿಸಿದವರೇ.

ತರಬೇತಿ ಅಧಿಕಾರಿ ಪ್ರಿಯದರ್ಶಿನಿ ಮೇಡಂ ಒಳಗೆ ಬಂದಾಗ ಮಾಸ್ತರರಿಗೆ ಎದ್ದು ನಿಲ್ಲಲೂ ಆಗಲಿಲ್ಲ. ಬಾಯಿ ತೆರೆದರೆ ಬರೀ ಬಿಕ್ಕಳಿಕೆ! ಅಯ್ಯೋ, ವಿದ್ಯಾಗಿರಿ ಕೈಬಿಟ್ಟಿತು! ದಿಕ್ಕು ತೋಚದೆ ಡಬ್ಬಿಗಳತ್ತ ಕೈ ತೋರಿಸಿದರು.

“ಸರಗ ಮಾತಾಡಾಕ ಆಗವಲ್ತು, ನಾವ ಹೇಳೂಣು ಬರ್ರಲೇ!” ಎಂದು ಮಹಮ್ಮದ ಎದ್ದ. ಬಟ್ಟಲಿನ ಹೆಸರನ್ನು ಉರ್ದುವಿನಲ್ಲಿ ಹೇಳಿದ. ಲಕ್ಷ್ಮಣ ಅದನ್ನೇ ಲಂಬಾಣಿಯಲ್ಲಿ ಕೂಗಿದ. ಶೀಲಾ ಕನ್ನಡದಲ್ಲಿ ಹಲಗೆಯ ಮೇಲೆ ಬರೆದಳು. ನೋಡನೋಡುತ್ತಲೇ ಇಡೀ ತರಗತಿ ಎಲ್ಲ ಮಾತುಗಳನ್ನೂ ಆಡತೊಡಗಿತು. ಕಿಟಕಿಯಲ್ಲಿದ್ದ ತಾಯಂದಿರೂ ಸುಮ್ಮನಿರದೆ ಅಲ್ಲಿಂದಲೇ ತಿದ್ದಿದರು.

ಮೇಡಂ ಚಪ್ಪಾಳೆ ತಟ್ಟಿದರು. “ಮಾಸ್ತರ ಸುಮ್ಮನ ಕುಂತಾರ, ಮಕ್ಕಳು ಒಬ್ಬರಿಗೊಬ್ಬರು ಕಲಿಸಾಕತ್ತಾರ! ನಾವು ಎಷ್ಟ ಬಡಕೊಂಡ್ರೂ ಒಬ್ಬ ಮಾಸ್ತರಾದ್ರೂ ಬಾಯಿ ಮುಚ್ಚಿದ್ದಿಲ್ಲರಿ. ನೀವು ಪಾಸ್!”

ಆನಂದಕ್ಕೆ ಬಿಕ್ಕಳಿಕೆಯೇ ನಿಂತುಹೋಯಿತು. “ಹಂಗಾರ ವಿದ್ಯಾಗಿರಿಗೆ ಯಾವಾಗ ಬರ್ಲಿರಿ ಮೇಡಂ?”

“ವಿದ್ಯಾಗಿರಿಗಾ? ಇಂಥಾ ಪಾಠ ಕುರ್ಚಿ ಮ್ಯಾಲ ಕುಂತು ಹೇಳಾಕ ಬರ್ತೈತೇನ್ರಿ? ನಾಳೆ ಇಳಕಲ್ಲ, ನಾಡಿದ್ದು ಹುನಗುಂದ, ಆಮ್ಯಾಲ ಬಾದಾಮಿ. ಸಾಲಿ ಸಾಲಿಗೆ ಬಸ್ಸಿನ್ಯಾಗ ಹೋಗಿ ಮಾಡಿ ತೋರಸ್ರಿ. ಅಲ್ಲಿ ತಾಯಂದಿರಿಗೂ ಫೋನ್ ಮಾಡಸ್ತೇನಿ, ಮಾಸ್ತರು ಉಪಾಸ ಬರ್ತಾರ, ಚಲೋತಂಗ ಉಣಸ್ರಿ ಅಂತ!”