ಕಟ್ಟೆ ಸಿಗುವ ತನಕ

ಸಂಸಾರದಲ್ಲಿ ಒಬ್ಬರಿಗೆ ಹಿಡಿದ ಹುಚ್ಚು ಇನ್ನೊಬ್ಬರಿಗೆ ಅಂಟುವುದಿಲ್ಲ ಎಂಬ ಧೈರ್ಯದ ಮೇಲೆಯೇ ಬಹಳ ಜನ ಗಂಡಸರು ಹುಚ್ಚು ಹಿಡಿಸಿಕೊಳ್ಳುತ್ತಾರೆಂದು ನನ್ನ ಅಂದಾಜು. ನಾನಂತೂ ಹಾಗೆಯೇ ಹಿಡಿಸಿಕೊಂಡೆ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಮೊಳಕೆ ಪರೀಕ್ಷೆ ಮಾಡುವ ವಿಭಾಗದಲ್ಲಿ ನನ್ನ ನೌಕರಿ. ಒದ್ದೆ ಕಾಗದದ ಮೇಲೆ ಬೀಜ ಇಟ್ಟು, ಅದು ಬಾಯಿ ಬಿಡುವುದನ್ನು ಕುರ್ಚಿಯಲ್ಲಿ ಕುಳಿತು ಕಾಯುವ ಕೆಲಸ. ಹೀಗೆ ಕಾಯುತ್ತ ಕಾಯುತ್ತ ಬೀಜಗಳ ಜೊತೆಗೆ ನನ್ನ ಹೊಟ್ಟೆಯೂ ಮೊಳೆತು ಮುಂದೆ ಬಂತು. ಡಾಕ್ಟರರು ರಕ್ತದ ವರದಿ ನೋಡಿ, “ಸಕ್ಕರಿ ಬಾಗಲಾಗ ಬಂದು ನಿಂತೈತ್ರಿ. ಒಳಗ ಕರೀತೀರೋ, ಹೊರಗ ಹಾಕ್ತೀರೋ ನೀವs ನೋಡ್ರಿ” ಎಂದರು. ಅದೇ ವಾರ ನಾನು ಗೇರಿನ ಸೈಕಲ್ ತಂದೆ. ಸೈಕಲ್ಲಿಗೆ ತಕ್ಕ ಹೆಲ್ಮೆಟ್ ಬಂತು, ಹೆಲ್ಮೆಟ್ಟಿಗೆ ತಕ್ಕ ಕೈಗವಸು ಬಂತು, ಕೊನೆಗೆ ಕೂಡುವ ಜಾಗದಲ್ಲಿ ಮೆತ್ತೆ ಹೊಲಿದ ಒಂದು ಬಿಗಿ ಚಡ್ಡಿಯೂ ಬಂತು. ಅದನ್ನು ಹಿತ್ತಲಿನ ಹಗ್ಗದ ಮೇಲೆ ಒಣಗಲು ಹಾಕಿದ ದಿನ ಪಕ್ಕದ ಮನೆಯ ಖೈರುನ್ನಿಸಾ ನನ್ನ ಹೆಂಡತಿಯನ್ನು ಬೇಲಿಯ ಬಳಿ ಕರೆದು, “ಅಕ್ಕಾರ, ಸಾಹೇಬರಿಗೆ ಏನರ ಆಪರೇಷನ್ ಆಗೇತೇನ್ರಿ?” ಎಂದು ಬಹಳ ಕಾಳಜಿಯಿಂದ ಕೇಳಿದಳಂತೆ.

ನನ್ನ ಹೆಂಡತಿಯ ಹೆಸರು ಗಿರಿಜಾ. ನಾನು ಬೆಳಿಗ್ಗೆ ಸೈಕಲ್ ಹೊಡೆದು ಬಂದು, ಬೆವರು ಒರೆಸಿಕೊಳ್ಳುತ್ತ, ಇವತ್ತು ಎಲ್ಲಿಯ ತನಕ ಹೋಗಿದ್ದೆ, ಯಾವ ಏರಿನಲ್ಲಿ ಯಾವ ಗೇರು ಹಾಕಿದೆ ಎಂದೆಲ್ಲ ವರ್ಣಿಸುವುದನ್ನು ಆಕೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಕೇಳುತ್ತಿದ್ದಾಳೆಂದು ನಾನು ತಿಳಿದಿದ್ದೆ. ಆಕೆ ಮನಸ್ಸಿನಲ್ಲಿ ಬೇರೆಯದನ್ನೇ ಬೇಯಿಸುತ್ತಿದ್ದಳು. ಖೈರುನ್ನಿಸಾ ಮನೆಯಲ್ಲಿ ಕುಪ್ಪಸ ಹೊಲಿಯುವವಳು. ಆಕೆಯ ಮಗಳಿಗೆ ಶಾಲೆಯಲ್ಲಿದ್ದಾಗ ಸರ್ಕಾರ ಕೊಟ್ಟ ಸೈಕಲ್ಲು, ಮಗಳು ಕಾಲೇಜಿನ ಬಸ್ಸು ಹತ್ತಿದ ಮೇಲೆ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತ ನಿಂತಿತ್ತು. ನಾನು ಕಂಪನಿಯಲ್ಲಿ ಮೊಳಕೆ ಕಾಯುವ ಹೊತ್ತಿನಲ್ಲಿ ಇವರಿಬ್ಬರೂ ಅದನ್ನು ಮನೆಯ ಹಿಂದಿನ ಬಯಲಿಗೆ ಒಯ್ದು, ಒಬ್ಬಳು ಸೀಟು ಹಿಡಿದು, ಒಬ್ಬಳು ಸೀರೆ ಎತ್ತಿ ಸಿಕ್ಕಿಸಿ, ಮಳೆಗಾಲ ಮುಗಿಯುವಷ್ಟರಲ್ಲಿ ವಿದ್ಯೆಯನ್ನು ಒಂದು ದಡಕ್ಕೆ ತಂದಿದ್ದರು. ಮೊಣಕೈ ತರಚಿದ್ದು ಕಂಡು ನಾನು ಕೇಳಿದಾಗಲೆಲ್ಲ ಗಿರಿಜಾ, “ಬಾಗಲಾ ಬಡೀತ್ರಿ” ಎನ್ನುತ್ತಿದ್ದಳು. ನಮ್ಮ ಮನೆಯ ಬಾಗಿಲು ಇಷ್ಟು ಒರಟು ಯಾವಾಗ ಆಯಿತೆಂದು ನಾನು ಯೋಚಿಸಲೇ ಇಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಆಕೆ ಸಂಜೆಯ ಚಹಾ ಕೊಡುತ್ತ ವಿಷಯ ಹೊರಗೆ ಹಾಕಿದಳು. “ಈ ಐತವಾರ ನಾನೂ ಬರ್ತೇನಿ. ಚಿಗರಿ ಕಾಡಿನ ಹಾದಿ ಹಿಡದು ಚೌಡದಾನಪುರಕ್ಕ ಹೋಗೂಣು. ಹೊಳಿ ದಂಡಿ ಗುಡಿ ನೋಡಿ ಎಷ್ಟು ದಿನ ಆತು.” ಚಿಗರಿ ಕಾಡು ಎಂದರೆ ನಮ್ಮ ಊರಿನ ಆಚೆಗಿನ ಕೃಷ್ಣಮೃಗಗಳ ಅಭಯಾರಣ್ಯ. ಅದನ್ನು ದಾಟಿ, ಜೋಳದ ಹೊಲಗಳ ನಡುವೆ ಹೋದರೆ ತುಂಗಭದ್ರೆಯ ದಂಡೆಯಲ್ಲಿ ಚಾಲುಕ್ಯರ ಕಾಲದ ಕಪ್ಪು ಕಲ್ಲಿನ ಗುಡಿ. ನಾನು ನಕ್ಕೆ. ಆಕೆ ನಗಲಿಲ್ಲ. ನನ್ನನ್ನು ಹಿತ್ತಲಿಗೆ ಕರೆದೊಯ್ದು, ಖೈರುನ್ನಿಸಾಳ ಮನೆಯ ಕಟ್ಟೆಯ ಮೇಲೆ ಕಾಲಿಟ್ಟು ಸೈಕಲ್ ಹತ್ತಿ, ಬಯಲನ್ನು ದೊಡ್ಡದಾಗಿ ಸುತ್ತಿ ಬಂದು ಅದೇ ಕಟ್ಟೆಯ ಮೇಲೆ ಕಾಲಿಟ್ಟು ನಿಂತಳು. ನಾನು ಚಪ್ಪಾಳೆ ತಟ್ಟಿದೆ. ಆ ಕಟ್ಟೆಯ ಕಡೆಗೆ ಸ್ವಲ್ಪ ಗಮನ ಕೊಡಬೇಕಿತ್ತು.

ಐತವಾರ ಬೆಳಕು ಹರಿಯುವಾಗ ಹೊರಟೆವು. ಪ್ರವಾಸದ ವ್ಯವಸ್ಥೆಯೆಲ್ಲ ನನ್ನದು. ಎರಡೂ ಫೋನು, ನೀರಿನ ಬಾಟಲಿಗಳು, ಪಂಪು, ಪಂಕ್ಚರ್ ಸಾಮಾನು ನನ್ನ ಬೆನ್ನಿನ ಚೀಲದಲ್ಲಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಆಕೆಯ ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿ. ಊರು ದಾಟಿ ಚಹಾದಂಗಡಿಯ ಮುಂದೆ ನಾನು ಇಳಿದರೆ, ಆಕೆ ಅಂಗಡಿಯನ್ನು ಬಿಟ್ಟು ಮುಂದೆ ಹೋಗಿ ಹಳ್ಳದ ಸೇತುವೆಯ ಕಟ್ಟೆಗೆ ಕಾಲು ಕೊಟ್ಟು ನಿಂತಳು. ಹಳ್ಳದ ನೋಟ ಆಕೆಗೆ ಇಷ್ಟವಾಗಿರಬೇಕೆಂದು ನಾನೇ ಚಹಾದ ಲೋಟ ಅಲ್ಲಿಗೆ ಒಯ್ದು ಕೊಟ್ಟೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಆಕೆಗೆ ನಾನು ಚಹಾ ಒಯ್ದು ಕೊಟ್ಟದ್ದು ಇದೇ ಮೊದಲೆಂದು ಆಕೆ ನೆನಪಿಸಿದಳು.

ಕಾಡಿನ ಹಾದಿಯಲ್ಲಿ ನೀಲಗಿರಿ ಮರಗಳ ನಡುವೆ ಬಿಸಿಲು ಇನ್ನೂ ಓರೆಯಾಗಿತ್ತು. ಒಮ್ಮೆಲೆ ಎಡಗಡೆಯ ಹುಲ್ಲಿನಲ್ಲಿ ಚಿಗರಿಯ ಹಿಂಡು ಕಂಡಿತು. ತಿರುಚಿದ ಕೋಡಿನ ಒಂದು ಕರಿಯ ಗಂಡು, ಸುತ್ತ ಕಂದು ಬಣ್ಣದ ಹೆಣ್ಣುಗಳು. ನಾನು ಮೆಲ್ಲಗೆ, “ನಿಲ್ಲು ಗಿರಿಜಾ, ಫೋಟೋ ತಗೀತೇನಿ” ಎಂದೆ.

“ಎಲ್ಲಿ ನಿಲ್ಲಲ್ರಿ? ಕಟ್ಟಿ ಎಲ್ಲೈತಿ?”

“ಕಟ್ಟಿ ಯಾಕ ಬೇಕು? ಬ್ರೇಕ್ ಹಿಡದು ಇಳಿ.”

“ನನಗ ಇಳ್ಯಾಕ ಬರೂದಿಲ್ಲ. ಹತ್ತೂದು, ಹೊಡಿಯೂದು ಅಷ್ಟs ಬರ್ತೈತಿ. ಇಳ್ಯಾಕ ಕಟ್ಟಿ ಬೇಕು.”

ಈ ಮಾತು ಅರ್ಥವಾಗುವಷ್ಟರಲ್ಲಿ ನನ್ನ ಹಿಂದಿನ ಚಕ್ರ ಉಸ್ಸೆಂದಿತು. ಜಾಲಿ ಮುಳ್ಳು. ನಾನು ನಿಂತೆ. ಆಕೆ ನಿಲ್ಲಲಿಲ್ಲ, ನಿಲ್ಲುವಂತಿರಲಿಲ್ಲ. ಹಿಂದಕ್ಕೆ ನೋಡಿದರೆ ಬೀಳುತ್ತೇನೆಂಬ ಭಯಕ್ಕೆ ಮುಖ ತಿರುಗಿಸದೆ, “ನಾ ಹೊಂಟೇನ್ರಿ, ನೀವು ಲಗೂ ಬರ್ರಿ” ಎನ್ನುತ್ತ ತಿರುವಿನಲ್ಲಿ ಮರೆಯಾದಳು. ಚಿಗರಿಗಳೂ ಆಕೆ ಹೋದ ದಿಕ್ಕಿಗೇ ಜಿಗಿದು ಹೋದವು. ಅಷ್ಟು ದೊಡ್ಡ ಕಾಡಿನಲ್ಲಿ ನಾನೂ ನನ್ನ ಮೆತ್ತೆಯ ಚಡ್ಡಿಯೂ ಇಬ್ಬರೇ ಉಳಿದೆವು.

ಪಂಕ್ಚರ್ ತಿದ್ದಲು ನನಗೆ ಬರುತ್ತದೆ. ಮುಳ್ಳು ತೆಗೆದೆ, ಬಿಲ್ಲೆ ಅಂಟಿಸಿದೆ, ಗಾಳಿ ಹಾಕಲು ಪಂಪು ತೆಗೆದೆ. ಪಂಪಿನ ಬಾಯಿ ಒಂದು ನಮೂನೆ, ಟ್ಯೂಬಿನ ಬಾಯಿ ಇನ್ನೊಂದು ನಮೂನೆ. ಹೊಂದಾಣಿಕೆಯಾಗದ ಜೋಡಿಗಳನ್ನು ನಾನು ನಮ್ಮ ಬಳಗದಲ್ಲಿಯೂ ಕಂಡಿದ್ದೇನೆ, ಆದರೆ ಅವರೂ ಪರಸ್ಪರ ಮುಖವಾದರೂ ಕೊಡುತ್ತಾರೆ. ಇವು ಒಂದಕ್ಕೊಂದು ಮುಟ್ಟಲೂ ಇಲ್ಲ. ಗಾಬರಿಯಲ್ಲಿ ಗಿರಿಜಾಗೆ ಫೋನು ಹಚ್ಚಿದೆ. ನನ್ನ ಬೆನ್ನೇ ರಿಂಗಾಯಿತು.

ಸೈಕಲ್ ನೂಕುತ್ತ ನಡೆಯತೊಡಗಿದ ಮೇಲೆ ಗಾಬರಿ ಹೋಗಿ ನಿಜವಾದ ಹೆದರಿಕೆ ಹತ್ತಿತು. ಈ ಕಾಡಿನಲ್ಲಿ ತೋಳಗಳಿವೆ ಎನ್ನುತ್ತಾರೆ. ತೋಳದ ಮಾತು ಬಿಡಿ, ಎದುರಿಗೆ ಒಂದು ಕಬ್ಬಿನ ಟ್ರ್ಯಾಕ್ಟರ್ ಬಂದರೆ ಏನು ಗತಿ? ಇನ್ನೊಂದು ವಿಚಾರ ಬಂದು ನಡಿಗೆ ಜೋರು ಮಾಡಿದೆ. ಚೌಡದಾನಪುರದಲ್ಲಿ ಹಾದಿ ಹೊಳೆಯ ಕಡೆಗೆ ಇಳಿಯುತ್ತದೆ. ಗುಡಿ, ಗುಡಿಯ ಆಚೆಗೆ ನೀರು. ಇಳಿಯಲು ಬಾರದವಳು ಇಳಿಜಾರಿನಲ್ಲಿ ಏನು ಮಾಡುತ್ತಾಳೆ? ನಮ್ಮ ಮದುವೆಯಾದಂದಿನಿಂದ ಗಿರಿಜಾ ಎಲ್ಲಿಗೆ ಹೋದರೂ, ಅಗಡಿಯ ತವರಿಗೆ ಹೋದರೂ, ನಾನು ಬಸ್ಸಿಗೆ ಹತ್ತಿಸಿ ಅಲ್ಲಿ ಅವರು ಇಳಿಸಿಕೊಳ್ಳುವುದು ರೂಢಿ. ಇಳಿಸಿಕೊಳ್ಳುವವರಿಲ್ಲದ ಕಡೆಗೆ ಆಕೆ ಹೋದದ್ದೇ ಇಲ್ಲವೆಂದು ಆಗ ನನಗೆ ಹೊಳೆಯಿತು.

ಕಾಡು ಮುಗಿಯುವಲ್ಲಿ ಒಬ್ಬ ಮುದುಕ ಕುರಿ ಮೇಯಿಸುತ್ತಿದ್ದ. “ಅಜ್ಜಾರ, ಒಬ್ಬ ಹೆಣ್ಮಗಳು ಸೈಕಲ್ ಮ್ಯಾಲೆ ಈ ಕಡೆ ಹೋಗಿದ್ದು ನೋಡೀರೇನ್ರಿ?” ಎಂದು ಕೇಳಿದೆ.

ಆತ ನನ್ನ ಹೆಲ್ಮೆಟ್ಟಿನಿಂದ ಚಡ್ಡಿಯವರೆಗೆ ಸಾವಕಾಶ ನೋಡಿದ. “ನೋಡೀನಿ. ಬುಟ್ಟ್ಯಾಗ ರೊಟ್ಟಿ ಗಂಟು ಇತ್ತು. ಭಾಳ ಜೋರ ಹೊಂಟಿದ್ಲು. ಯಾರೋ ಬೆನ್ನ ಹತ್ತ್ಯಾರ ಅನ್ಕೊಂಡೆ. ನೀವs ಏನು?”

“ಹೌದ್ರಿ. ನಮ್ಮ ಮನಿಯವರು.”

“ಮನ್ಯಾಗ ಜಗಳ ಆಗೇತೇನು?”

“ಇಲ್ರಿ ಅಜ್ಜಾರ. ಆಕೀಗೆ ಇಳ್ಯಾಕ ಬರೂದಿಲ್ಲ.”

“ಎಲ್ಲಾರೂ ಹಂಗs ಹೇಳ್ತಾರ” ಎಂದು ಆತ ಕುರಿಗಳ ಕಡೆಗೆ ತಿರುಗಿದ. “ಹೋಗಿ ಸಮಾಧಾನ ಮಾಡಿ ಕರಕೊಂಡ ಹೋಗು ತಮ್ಮಾ. ಹೆಣ್ಮಗಳು ರೊಟ್ಟಿ ಕಟಗೊಂಡು ಹೊಂಟಾಳ ಅಂದ್ರ ಸಣ್ಣ ಮಾತಲ್ಲ.”

ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಒಂದು ಸಣ್ಣ ಗೂಡ್ಸ್ ಗಾಡಿ ಬಂತು. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಇಳಿಸಿ ಬರಿದಾಗಿ ಮರಳುತ್ತಿತ್ತು. ಡ್ರೈವರ್ ಮುಂದೆ ತನ್ನ ತಾಯಿಯನ್ನು ಕೂರಿಸಿಕೊಂಡಿದ್ದರಿಂದ ನಾನು ಸೈಕಲ್ಲಿನೊಂದಿಗೆ ಹಿಂದೆ ಹತ್ತಿದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರಿಗೆ ನಾವೆಲ್ಲ ಅಭಿಮಾನದಿಂದ ಹೇಳುತ್ತೇವೆ. ಅದು ಸಾರಿಗೆ ಹಾಕಿದಾಗಿನ ಮಾತು. ಗಾಡಿಯ ತಳದಲ್ಲಿ ಉಳಿದ ಪುಡಿ ಗಾಳಿಗೆ ಎದ್ದು ಮೂಗು ಕಣ್ಣು ಹೊಕ್ಕಾಗಿನ ಮಾತು ಬೇರೆ. ಸೀನುತ್ತ, ಕಣ್ಣು ಒರೆಸುತ್ತ, ಒರೆಸಿದ ಕೈಯಲ್ಲೂ ಅದೇ ಪುಡಿ ಇರುವುದನ್ನು ತಡವಾಗಿ ತಿಳಿಯುತ್ತ ಚೌಡದಾನಪುರ ಮುಟ್ಟಿದಾಗ ನನ್ನ ಎರಡೂ ಕಣ್ಣುಗಳಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

ಗುಡಿಯ ಬೇಲಿಯ ಹೊರಗೆ, ಯಾವ ಕಾಲದಲ್ಲೋ ಬಿದ್ದ ಯಾವುದೋ ಚಿಕ್ಕ ಗುಡಿಯ ಕೆತ್ತನೆಯ ಕಲ್ಲೊಂದು ಒರಗಿತ್ತು. ಅದಕ್ಕೆ ಸೈಕಲ್ ಆನಿಸಿತ್ತು. ಪಕ್ಕದ ನೆರಳಿನಲ್ಲಿ, ಹೊಳೆಗೆ ಬಟ್ಟೆ ಒಗೆಯಲು ಬಂದ ಹೆಂಗಸರ ನಡುವೆ, ಗಿರಿಜಾ ಕಾಲು ಚಾಚಿ ಕುಳಿತಿದ್ದಳು. ರೊಟ್ಟಿಯ ಗಂಟು ಬಿಚ್ಚಿತ್ತು. ಆಕೆ ನನ್ನನ್ನು ನೋಡಿ ಎದ್ದು ನಿಂತಳು. “ಅಯ್ಯ, ಅಳಾಕತ್ತೀರೇನ್ರಿ?”

ಬಟ್ಟೆಯ ಬುಟ್ಟಿ ಹಿಡಿದಿದ್ದ ಒಬ್ಬ ಹಿರಿಯ ಹೆಂಗಸು, “ಅಳಲಿ ಬಿಡವ್ವ, ಹಿಂತಾ ಗಂಡಸರು ಎಲ್ಲಿ ಸಿಗ್ತಾರ” ಎಂದಳು. ಉಳಿದವರು ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಮೆಣಸಿನಕಾಯಿ ಎಂದು ಹೇಳಲು ಬಾಯಿ ತೆರೆದೆ. ಆದರೆ ಆಕೆಯ ಕೈಕಾಲು ನೆಟ್ಟಗಿರುವುದನ್ನು ನೋಡಿದ ಕೂಡಲೇ ಕಣ್ಣೀರು ಇನ್ನೂ ಜೋರಾಯಿತು. ಅದಕ್ಕೆ ಬ್ಯಾಡಗಿಯನ್ನು ದೂರುವುದು ನ್ಯಾಯವಲ್ಲ.

ಆಮೇಲೆ ತಿಳಿದದ್ದು ಇಷ್ಟು. ಊರಿಗೆ ಬಂದವಳಿಗೆ ಇಳಿಯಲು ಕಟ್ಟೆ ಸಿಗದೆ, ಗುಡಿಯ ಬೇಲಿಯ ಸುತ್ತ ಸೈಕಲ್ ಹೊಡೆಯುತ್ತಲೇ ಇದ್ದಳಂತೆ. ಹೊಳೆಯಿಂದ ಬರುತ್ತಿದ್ದ ಹೆಂಗಸರು ಇದು ಸೈಕಲ್ ಪ್ರದಕ್ಷಿಣೆಯ ಹರಕೆ ಇರಬೇಕೆಂದು ತಿಳಿದು ಹಾದಿ ಬಿಟ್ಟು ನಿಂತು ಕೈಮುಗಿದರಂತೆ. ಒಬ್ಬಾಕೆ, ಮಕ್ಕಳ ಸಲುವಾಗಿಯೋ ಗಂಡನ ಸಲುವಾಗಿಯೋ ಎಂದು ಕೇಳಿದ್ದಕ್ಕೆ ಗಿರಿಜಾ ಸುತ್ತುತ್ತಲೇ, “ಕಟ್ಟಿ ಸಲುವಾಗಿ” ಎಂದಳಂತೆ. ಕೊನೆಗೆ ಆ ಕಲ್ಲು ಕಣ್ಣಿಗೆ ಬಿತ್ತು. ಎತ್ತರ ಸರಿಯಾಗಿತ್ತು. ಯಾವನೋ ಶಿಲ್ಪಿ ಅಷ್ಟು ಹಿಂದೆಯೇ ನನ್ನ ಹೆಂಡತಿಯ ಕಾಲಿನ ಅಳತೆ ಹಿಡಿದು ಕಡೆದಿಟ್ಟಂತಿತ್ತು. ಇಳಿದ ಮೇಲೆ ಆಕೆ ಅದಕ್ಕೆ ಕಾಲು ತಾಗಿಸಿದ ತಪ್ಪಿಗೆ ನಮಸ್ಕಾರ ಮಾಡಿ, ಒಂದು ತುಣುಕು ರೊಟ್ಟಿಯನ್ನೂ ಇಟ್ಟಿದ್ದಳು.

ಹೊಳೆಯ ಮೆಟ್ಟಿಲ ಮೇಲೆ ಕುಳಿತು ಉಳಿದ ರೊಟ್ಟಿ ತಿಂದೆವು. ತುಂಗಭದ್ರೆ ಚಳಿಗಾಲದ ಬಿಸಿಲಿನಲ್ಲಿ ಅಗಲವಾಗಿ, ಸದ್ದಿಲ್ಲದೆ ಹರಿಯುತ್ತಿತ್ತು. “ನಡುವೆ ಎಲ್ಲೂ ಕಟ್ಟಿ ಸಿಗಲಿಲ್ಲೇನು?” ಎಂದು ಕೇಳಿದೆ.

ಆಕೆ ಬೆರಳಿಗಂಟಿದ ಚಟ್ನಿ ನೆಕ್ಕಿದಳು. “ಒಂದು ಸೇತುವಿ ಮ್ಯಾಲೆ ಗಂಡಸರು ಇಸ್ಪೀಟ್ ಆಡಾಕತ್ತಿದ್ರು. ಅವರ ನಡುವ ಹೆಂಗ ಕಾಲಿಡ್ಲಿ? ಆಮ್ಯಾಲೆ ಒಂದು ಛಲೋ ಕಟ್ಟಿ ಬಂತು. ಖಾಲೀನೂ ಇತ್ತು. ಇಳ್ಯಾಕ ಬರ್ತಿತ್ತು.”

“ಮತ್ತ?”

“ಇಳೀಲಿಲ್ಲ.” ಆಕೆ ಚಟ್ನಿಯ ಡಬ್ಬಿಯ ಮುಚ್ಚಳ ಹಾಕಿದಳು. “ಚಿಗರಿ ನನ್ನ ಬಾಜೂಕ ಓಡಾಕತ್ತಿದ್ವು. ಹಿಂದ ಯಾರೂ ಇಲ್ಲ, ಮುಂದ ಯಾರೂ ಇಲ್ಲ. ಇಷ್ಟು ಹಗೂರ ನಾ ಯಾವತ್ತೂ ಆಗಿದ್ದಿಲ್ಲ. ನೀವು ಸಿಟ್ಟಿಗೇಳಬ್ಯಾಡ್ರಿ.”

ನನಗೆ ಸಿಟ್ಟು ಬರಲಿಲ್ಲ. ಒಂದು ಕ್ಷಣ ಹೊಟ್ಟೆಕಿಚ್ಚು ಬಂತು. ಗೇರು, ಹೆಲ್ಮೆಟ್ಟು, ಮೆತ್ತೆ ಎಲ್ಲ ಇದ್ದೂ ಅಷ್ಟು ಹಗುರವಾಗುವುದು ನನಗೆ ಇನ್ನೂ ಸಾಧ್ಯವಾಗಿಲ್ಲ. ಬುತ್ತಿಯ ಬಟ್ಟೆ ಕೊಡವಿ ಮಡಚುತ್ತಿದ್ದ ಆಕೆಯ ಮುಖವನ್ನು, ಬಹಳ ದಿನಗಳ ಮೇಲೆ, ನಾನು ಪೂರ್ತಿ ನೋಡಿದೆ.

ಮಧ್ಯಾಹ್ನ ಅದೇ ಗೂಡ್ಸ್ ಗಾಡಿಯವನು ರಾಣೆಬೆನ್ನೂರಿನ ಕಡೆಗೆ ಹೊರಟಿದ್ದ. ತಾಯಿಯನ್ನು ತನ್ನ ಊರಲ್ಲಿ ಬಿಟ್ಟಿದ್ದರಿಂದ ಮುಂದಿನ ಸೀಟು ಖಾಲಿ ಇತ್ತು. ಅದರಲ್ಲಿ ಗಿರಿಜಾ ಕುಳಿತಳು. ನಾನು ಎರಡು ಸೈಕಲ್ಲುಗಳನ್ನು ಹಿಡಿದುಕೊಂಡು ಮತ್ತೆ ಹಿಂದೆ ಹತ್ತಿದೆ.

ಈಗ ಗಿರಿಜಾ ಮತ್ತು ಖೈರುನ್ನಿಸಾ ಇಬ್ಬರೂ ಕೂಡಿ, ಇನ್ನೊಂದು ಸೈಕಲ್ಲು ಬಾಡಿಗೆಗೆ ಹಿಡಿದು, ಗಳಗನಾಥದ ಸಂಗಮಕ್ಕೆ ಹೋಗಲು ನಿಶ್ಚಯಿಸಿದ್ದಾರೆ. ಇಳಿಯುವುದನ್ನು ಇನ್ನೂ ಕಲಿತಿಲ್ಲ, ಅವಸರವೂ ಇದ್ದಂತಿಲ್ಲ. ನಿನ್ನೆ ಧೈರ್ಯ ಮಾಡಿ, ನಾನೂ ಬರಲೇ ಎಂದು ಕೇಳಿದೆ. ಗಿರಿಜಾ ಖೈರುನ್ನಿಸಾಳ ಮುಖ ನೋಡಿದಳು, ಖೈರುನ್ನಿಸಾ ಹಗ್ಗದ ಮೇಲಿನ ನನ್ನ ಚಡ್ಡಿ ನೋಡಿದಳು. “ಬರ್ರಿ” ಎಂದಳು ಗಿರಿಜಾ, “ಆದ್ರ ಸ್ವಲ್ಪ ಹಿಂದ ಇರ್ರಿ.” ನಾನು ಒಪ್ಪಿಕೊಂಡೆ. ಅದಕ್ಕಾಗಿ ನಾನು ವಿಶೇಷ ಪ್ರಯತ್ನ ಮಾಡಬೇಕಾಗಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.